ಹುಳುವಿನ ಕೋಣೆಯಲ್ಲಿ ಇಂಗ್ಲಿಷ್

ಬೇಸಿಗೆಯಲ್ಲಿ ನಮ್ಮ ಅಜ್ಜೀಪುರದ ಕಡೆ ತಣ್ಣಗಿರುವ ಜಾಗವೆಂದರೆ ರೇಷ್ಮೆ ಹುಳು ಸಾಕುವ ಕೋಣೆ. ಕಿಟಕಿಗೆ ಒದ್ದೆ ಗೋಣಿತಾಟು, ಒಳಗೆ ಅರೆಗತ್ತಲು, ತಟ್ಟೆ ತಟ್ಟೆಯಲ್ಲೂ ಹುಳು ಸೊಪ್ಪು ಮೇಯುವ ಸರಸರ ಸದ್ದು. ಗೋಡೆಗೊರಗಿ ಇಂಗ್ಲಿಷ್ ಪರೀಕ್ಷೆಗೆ ಓದುತ್ತಿದ್ದೆ. ಏರಿತು, ಇಳಿಯಿತು, ಹಾಗೇ ಉಳಿಯಿತು ಎಂದು ಓದುತ್ತ ಓದುತ್ತ ಕಣ್ಣು ಎಳೆಯುತ್ತಿತ್ತು. ಗ್ರಾಫಿನ ಗೆರೆ ಹುಳುವಿನ ಹಾಗೆ ತಲೆಯೆತ್ತಿ ಅತ್ತಿತ್ತ ತೂಗುತ್ತಿತ್ತು.

ನಾನಾಗ ಕೊಳ್ಳೇಗಾಲದಲ್ಲಿ ನರ್ಸ್. ಹೊರದೇಶದ ಆಸ್ಪತ್ರೆಯೊಂದರಲ್ಲಿ ಕೆಲಸ ಗೊತ್ತಾಗಿತ್ತು, ಆದರೆ ಅದಕ್ಕೆ ಬೇಕಾದ ಈ ಇಂಗ್ಲಿಷ್ ಪರೀಕ್ಷೆಯಲ್ಲಿ, ಗ್ರಾಫನ್ನೋ ಚಿತ್ರವನ್ನೋ ನೋಡಿ ವಿವರಿಸುವ ಬರವಣಿಗೆಯಲ್ಲಿ, ಎರಡು ಸಲ ಮುಗ್ಗರಿಸಿದ್ದೆ. ಈ ಸಲವೂ ಹೋದರೆ ಆ ಕೆಲಸ ಬೇರೆಯವರ ಪಾಲು.

ಪರೀಕ್ಷೆಗೆ ವಾರವಿರುವಾಗ ಕ್ಲಾಸಿನಲ್ಲಿ ಮೇಷ್ಟ್ರು ಕೊಟ್ಟ ಚಿತ್ರ ನೋಡಿ ನಗು ಬಂತು. ಮೊಟ್ಟೆ, ಹುಳು, ಗೂಡು, ಬಿಸಿನೀರಿನ ಪಾತ್ರೆ, ದಾರ, ಬಟ್ಟೆ. ರೊಟ್ಟಿ ಜಾರಿ ತುಪ್ಪಕ್ಕೆ ಬಿತ್ತು ಅಂದುಕೊಂಡೆ. ಹಳೆಯ ವರ್ಷಗಳ ಗ್ರಾಫಿಗಾದರೆ ಭೂತಕಾಲ, ಇಂಥ ಚಿತ್ರಕ್ಕೆ ವರ್ತಮಾನಕಾಲ. ಜೊತೆಗೆ, ಮಾಡುವವರನ್ನು ಬಿಟ್ಟು ಆಗುವುದನ್ನಷ್ಟೇ ಹೇಳುವ ಪ್ಯಾಸಿವ್ ವಾಯ್ಸು. ಸೊಪ್ಪು ಕೊಯ್ಯಲಾಗುತ್ತದೆ, ಗೂಡು ಕಟ್ಟಲು ಹುಳುಗಳನ್ನು ಬಿದಿರಿನ ಚಂದ್ರಂಕಿ ತಟ್ಟೆಗೆ ಬಿಡಲಾಗುತ್ತದೆ... ಎಲ್ಲರಿಗಿಂತ ಮೊದಲು ಬರೆದು ಕೊಟ್ಟವಳು ನಾನೇ.

"ಗ್ರಾಮರ್ ಎಲ್ಲಾ ಸರಿಯಾಗದೆ ಕಣಮ್ಮ," ಎಂದರು ಮೇಷ್ಟ್ರು. "ಗೂಡು ಮಾರ್ಕೆಟ್ಟಿಗೆ ಓಯ್ತು ಅಂತ ಮುಗಿಸ್ಬುಟ್ಟಿದ್ದೀಯಲ್ಲ, ಉಳಿದ ಮೂರು ಚಿತ್ರ ಎಲ್ಲಿ? ಮಾರ್ಕೆಟ್ಟು ಚಿತ್ರದಲ್ಲೇ ಇಲ್ವಲ್ಲ!"

ಇರಲಿಲ್ಲ, ನಿಜ. ನಮ್ಮ ಮನೆಯ ಪದ್ಧತಿ ಹಾಗೆ. ಹುಳುವಿನ ಕೋಣೆಯಲ್ಲಿ, ಗೂಡನ್ನು ಒಳಗಿನ ಹುಳುವಿನ ಸಮೇತ ಬೇಯಿಸುವ ಮಾತು ಆಡಕೂಡದು, ಅವಕ್ಕೆ ಕೇಳಿಸಿದರೆ ಮೇವು ಬಿಡುತ್ತವೆ ಎಂದು ಅವ್ವ ನಂಬಿದ್ದಳು. ಗೂಡು ಗಾಡಿ ಹತ್ತಿತೆಂದರೆ ನಮ್ಮ ಕಥೆ ಮುಗಿಯಿತು. ಅದೇ ಕೋಣೆಯಲ್ಲಿ ಬೆಳೆದ ನನ್ನ ಕೈ ತಾನಾಗಿಯೇ ಅಲ್ಲಿ ನಿಂತುಬಿಟ್ಟಿತ್ತು. ಪರೀಕ್ಷೆಯಲ್ಲೂ ಹೀಗಾದರೆ ಏನು ಗತಿ ಎಂದು ಭಯವಾಯಿತು.

ಸಂಜೆ ಕೋಣೆಯ ಹೊರಗೆ ನಿಂತು ಅವ್ವನಿಗೆ ಎಲ್ಲ ಹೇಳಿದೆ. ಅವಳು ಸೊಪ್ಪಿನ ಕುಕ್ಕೆ ಸೊಂಟಕ್ಕೇರಿಸಿಕೊಂಡು ಬಾಗಿಲು ತಳ್ಳಿದಳು.

"ಬಾ, ಒಳಗೇ ಓದ್ಕ. ಇಂಗ್ಲೀಸಲ್ಲಿ ಏಳುದ್ರೆ ಅವಕ್ಕೆಲ್ಲಿ ತಿಳಿತದೆ?"

ಒಳಗೆ ಹೋಗಿ, ಬಿಟ್ಟಿದ್ದ ಮೂರು ಚಿತ್ರಗಳನ್ನೂ ಸೇರಿಸಿ ಗಟ್ಟಿಯಾಗಿ ಓದಿದೆ. ಗೂಡುಗಳನ್ನು ಬೇಯಿಸಲಾಗುತ್ತದೆ ಎಂಬ ಮಾತು ಇಂಗ್ಲಿಷಿನಲ್ಲಿ ಎಷ್ಟು ಸಲೀಸು! ಬೇಯಿಸಿದವರು ಯಾರೆಂದು ಯಾರೂ ಕೇಳುವುದಿಲ್ಲ. ಹುಳುಗಳು ಮೇಯುತ್ತಲೇ ಇದ್ದವು. ನಾನು ಅಷ್ಟು ಆಸೆಪಟ್ಟು ಕಲಿಯುತ್ತಿದ್ದ ಭಾಷೆಗೆ ಮೊದಲ ಸಲ ಹೆದರಿದೆ. ಆದರೂ ನಿಲ್ಲಿಸದೆ ಕೊನೆಯ ಚಿತ್ರದವರೆಗೂ ಓದಿದೆ.

ಸೊಪ್ಪು ಹರಡುತ್ತಿದ್ದ ಅವ್ವ ಮೆಲ್ಲಗೆ ಕೇಳಿದಳು: "ಆ ಮಾತು ಬಂತಾ?"

"ಬಂತು ಕಣವ್ವ. ಆಗ್ಲೇ ಓದ್ಬುಟ್ಟೆ."

ಅವ್ವನ ಕೈ ನಿಂತಿತು. "ನಂಗೂ ಗೊತ್ತಾಗ್ನಿಲ್ವಲ್ಲೆ," ಎಂದಳು. ಆಮೇಲೆ, ತಟ್ಟೆಯಂಚಿಗೆ ಬಂದಿದ್ದ ಹುಳುವೊಂದನ್ನು ಬೆರಳಿನಿಂದ ಸೊಪ್ಪಿನ ಮೇಲಕ್ಕೆ ತಳ್ಳುತ್ತ, "ಪಾಸಾಯ್ತೀಯ ಬುಡು," ಎಂದಳು.