ಕೇಕಿನ ಓವನ್ನಿನಲ್ಲಿ ಟೀವಿ

ಹೊಳೆನರಸೀಪುರದ ನಮ್ಮ ಟೀವಿ ರಿಪೇರಿಯವರು ಕಿವಿಯ ಸಂದಿಯಲ್ಲಿ ಟೆಸ್ಟರ್ ಸಿಕ್ಕಿಸಿಕೊಂಡೇ ಬರುತ್ತಿದ್ದರು. ಟೀವಿಗೆ ಏನೇ ಆದರೂ ಅವರದು ಒಂದೇ ಮಾತು: “ತಂಡಿ ಹಿಡಿದದೆ ಕಣಕ್ಕಾ, ಬೆಚ್ಚಗಾದ್ರೆ ಸರಿಯಾಯ್ತದೆ.” ಒಳಗಿನ ಬೋರ್ಡನ್ನು ಬಿಚ್ಚಿ, ನನ್ನ ಪುಟ್ಟ ಕೇಕ್ ಓವನ್ನಿನಲ್ಲಿ ಹದವಾದ ಬಿಸಿಗೆ ಒಣಗಿಸುತ್ತಿದ್ದರು. ಅದಕ್ಕೆಂದೇ ದುಬಾರಿ ಮಿಷನ್ ಕೊಳ್ಳುವ ಗೋಜಿಲ್ಲ.

ಒಂದು ಮಳೆಗಾಲ, ಅತ್ತೆಯವರ ಧಾರಾವಾಹಿಯಲ್ಲಿ ಮದುವೆ. ಅದಕ್ಕೆ ಇನ್ನೊಂದು ಗಂಟೆ ಇರುವಾಗ ಟೀವಿ ಕೆಟ್ಟಿತು. ಬೋರ್ಡು ಓವನ್ನಿನಿಂದ ಹೊರಗೆ ಬಂದದ್ದೇ ತಡ, “ಅಯ್ಯೋ, ಮೊಟ್ಟೆ ಬೆಂದ ಪೆಟ್ಟಿಗೆ!” ಎಂದು ಮಡಿಯ ಅತ್ತೆ ಮೈಲಿಗೆ ಕಳೆಯಲು ಅದರ ಮೇಲೆ ತೀರ್ಥ ಚಿಮುಕಿಸಿಬಿಟ್ಟರು.

ರಿಪೇರಿಯವರು ಸಿಟ್ಟಾಗಲಿಲ್ಲ. ಬೋರ್ಡನ್ನು ಕರ್ಚೀಫಿನಿಂದ ಒರೆಸಿ ಮತ್ತೆ ಓವನ್ನಿಗಿಟ್ಟು, ಅತ್ತೆ ಹತ್ತಿರ ಬಾರದಂತೆ ಅಡ್ಡ ಕೂತರು.

“ಈ ಸಲ ತೀರ್ಥನ ನಿಮ್ ತಲೆಗೇ ಹಾಕ್ಕಳಿ ಅಮ್ಮಾ. ಮೈಲಿಗೆ ಟೀವಿ ನೋಡೋರು ನೀವ್ ತಾನೇ?”

ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ಚಿತ್ರ ಬಂತು. ಅತ್ತೆ ಒದ್ದೆ ನೆತ್ತಿಯಲ್ಲೇ ಕೂತು ನೋಡಿದರು.