ಅಟ್ಟಕ್ಕೆ ಎರಡು ಕೋಟು ಸುಣ್ಣ

ನನ್ನ ಹೆಂಡತಿ ಸಾವಿತ್ರಿ ಅಟ್ಟದಿಂದ ಇಳಿಯುವಾಗ ಯಾವಾಗಲೂ ನನ್ನನ್ನು ಬೈಯುತ್ತಲೇ ಇಳಿಯುತ್ತಾಳೆ. ಮೊನ್ನೆ ಸೋಮವಾರ ಬಾಯಿ ಬಿಡದೆ ಇಳಿದಳು. ಆಗಲೇ ನನಗೆ ಅನುಮಾನ ಬಂತು.

ಕೈಯಲ್ಲಿ ಮೊರ ಇತ್ತು. ಮೊರದ ಮೇಲೆ ಹಳೆಯ ಪತ್ರಿಕೆಯ ಒಂದು ಹಾಳೆ. (ನಾನು ವಾರವಾರ ಬರೆಯುವ ಈ ಅಂಕಣ ಅಚ್ಚಾದ ಹಾಳೆಯೇ ಇರಬೇಕು. ನಮ್ಮ ಮನೆಯಲ್ಲಿ ಅದಕ್ಕೆ ಅಷ್ಟೇ ಮರ್ಯಾದೆ.) ಹಿತ್ತಿಲ ಬಾಗಿಲ ಹತ್ತಿರ ನನ್ನನ್ನು ಕರೆದು ಹಾಳೆ ಸರಿಸಿ ತೋರಿಸಿದಳು. ಒಂದು ಇಲಿ. ಗಾಯವಿಲ್ಲ, ರಕ್ತವಿಲ್ಲ, ಬೆಕ್ಕು ಮುಟ್ಟಿದ ಗುರುತಿಲ್ಲ. ಸುಮ್ಮನೆ ಸತ್ತು ಬಿದ್ದಿತ್ತು.

ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಚನ್ನಪಟ್ಟಣದಲ್ಲಿ ಈಗ ಹುಲಿ ಬಂತೆಂದರೆ ಜನ ನೋಡಲು ಓಡುತ್ತಾರೆ, ಇಲಿ ಬಿತ್ತೆಂದರೆ ಊರು ಬಿಟ್ಟು ಓಡುತ್ತಾರೆ. ಇಲಿ ಬಿದ್ದ ಮನೆಗೆ ಪ್ಲೇಗು ಬರಲು ಎಷ್ಟು ದಿನ ಬೇಕು? ಹೋದ ವರ್ಷ ನನ್ನ ಸ್ಕೂಲಿನ ಉಪಾಧ್ಯಾಯರೊಬ್ಬರು ಬೆಳಿಗ್ಗೆ ಹಾಜರಿ ಕರೆದು, ಮೈ ಬಿಸಿಯಾಗಿದೆ ಎಂದು ಮನೆಗೆ ಹೋದರು. ಮತ್ತೆ ಸ್ಕೂಲಿಗೆ ಬರಲಿಲ್ಲ.

ಯುಗಾದಿಗೆ ಇನ್ನು ಆರೇ ದಿನ ಇತ್ತು. ಯುಗಾದಿಯ ಹಿಂದಿನ ವಾರ ನಮ್ಮ ಮನೆಗಳಲ್ಲಿ ಗಂಡಸರಿಗೆ ಕೂರಲು ಜಾಗ ಸಿಗುವುದಿಲ್ಲ, ನಿಮಗೂ ಗೊತ್ತಲ್ಲ? ಜೇಡರ ಬಲೆ ಹೊಡೆಯಬೇಕು, ಹೆಂಚು ಕೈಯಾಡಿಸಬೇಕು, ಪಾತ್ರೆಗಳನ್ನೆಲ್ಲ ಹುಣಿಸೆಹಣ್ಣು ಹಾಕಿ ತಿಕ್ಕಬೇಕು, ಗೋಡೆಗೆ ಸುಣ್ಣ, ಬುಡಕ್ಕೆ ಕೆಮ್ಮಣ್ಣಿನ ಪಟ್ಟೆ, ಹಿತ್ತಿಲ ಚರಂಡಿ. ಅಟ್ಟದ ಹಳೆಯ ಸಾಮಾನನ್ನು ಹಿಂದಿನ ಓಣಿಯ ಗೋಡೆಗೆ ಒರಗಿಸಿಡುವುದು ನಮ್ಮ ಬೀದಿಯ ರೂಢಿ. ಬೇಕಾದವರು ತೆಗೆದುಕೊಂಡು ಹೋಗುತ್ತಾರೆ, ಕೇಳುವ ಹಾಗಿಲ್ಲ. ಸಾವಿತ್ರಿ ಬೆಳಿಗ್ಗೆಯೇ ಒಡೆದ ಬುಟ್ಟಿ, ಎರಡು ಚಾಪೆ, ನಾಲ್ಕು ಗೋಣಿಚೀಲಗಳನ್ನು ಹೊರಗಿಟ್ಟಿದ್ದಳು. ಇಲಿ ಸಿಕ್ಕಿದ್ದು ಆ ಗೋಣಿಚೀಲಗಳಿದ್ದ ಮೂಲೆಯಲ್ಲೇ.

ಇನ್ನು ಕಾನೂನು. ಇಲಿ ಬಿದ್ದರೆ ತಕ್ಷಣ ರಿಪೋರ್ಟು ಮಾಡಬೇಕು. ಮಾಡಿದರೆ ಪ್ಲೇಗಿನ ಕಡೆಯವರು ಬಂದು ಹೆಂಚು ತೆಗೆದು ಮನೆಯೊಳಗೆ ಬಿಸಿಲು ಬಿಡುತ್ತಾರೆ, ನೆಲ ಗೋಡೆಗೆಲ್ಲ ಔಷಧಿ ಹೊಡೆಯುತ್ತಾರೆ. ಮನೆಯವರನ್ನೂ ಅಕ್ಕಪಕ್ಕದವರನ್ನೂ ಊರಾಚೆಯ ಬಯಲಿನಲ್ಲಿ ತೆಂಗಿನ ಗರಿ ಹೊದಿಸಿದ ಶೆಡ್ಡುಗಳಿಗೆ ಕಳಿಸುತ್ತಾರೆ. ತಿಂಗಳೋ ಎರಡು ತಿಂಗಳೋ, ಅವರು ಹೇಳುವವರೆಗೆ ಅಲ್ಲೇ ವಾಸ. ಇದರಲ್ಲಿ ತಪ್ಪೇನಿದೆ? ಏನೂ ಇಲ್ಲ. ಇಲಿಯನ್ನು ಮುಚ್ಚಿಡುವವರು ನೆರೆಯವರ ಕೊರಳು ಕೊಯ್ಯುವವರು ಎಂದು ಮೂರು ವಾರದ ಹಿಂದೆ ಇದೇ ಅಂಕಣದಲ್ಲಿ ಬರೆದವನು ನಾನೇ. ಬಹಳ ಚೆನ್ನಾಗಿದೆ ಎಂದು ಅಮಲ್ದಾರರು ದಾರಿಯಲ್ಲಿ ನಿಲ್ಲಿಸಿ ಹೇಳಿದ್ದರು.

ಆದರೆ ಒಳಗೆ ನಡುಮನೆಯಲ್ಲಿ ನನ್ನ ಮಗಳು ಗೌರಿ ಕೂತಿದ್ದಳು. ಚೊಚ್ಚಲ ಹೆರಿಗೆಗೆ ಬಂದವಳು. ದಿನ ತುಂಬಿದೆ. ಇವತ್ತೋ ನಾಳೆಯೋ ಎಂದು ಸೂಲಗಿತ್ತಿ ಹೇಳಿ ಹೋಗಿದ್ದಾಳೆ. ಅವಳನ್ನು ಬಯಲಿಗೆ ಕರೆದುಕೊಂಡು ಹೋಗುವುದೇ? ಆ ಗಾಳಿ, ಆ ಧೂಳು, ಪಕ್ಕದ ಶೆಡ್ಡಿನಲ್ಲಿ ಯಾರಿಗೆ ಜ್ವರವೋ ಯಾರಿಗೆ ಗೊತ್ತು?

ಸಾವಿತ್ರಿ ನನ್ನ ಮುಖ ನೋಡಿದಳು. "ಏನೂಂದ್ರೆ, ಏನ್ ಮಾಡೋದು?" ಎಂದಳು.

"ಸೀಮೆಣ್ಣೆ ತಾ," ಎಂದೆ.

ಹಿತ್ತಿಲ ಹಾಗಲಬಳ್ಳಿಯ ಹಿಂದೆ ಇಲಿಯನ್ನು ಸುಟ್ಟೆ. ಉಳಿದ ಸೀಮೆಣ್ಣೆಯನ್ನು ಅಟ್ಟದ ಮೂಲೆಗೆ ಸುರಿದೆ. ಮೊರವನ್ನೂ ಸುಟ್ಟೆವು. ಕೈಯನ್ನು ಸೀಗೆಪುಡಿಯಲ್ಲಿ ಮೂರು ಸಲ ತೊಳೆದುಕೊಂಡೆ. ಆಮೇಲೆ ಓಣಿಯಲ್ಲಿ ಇಟ್ಟಿದ್ದ ಗೋಣಿಚೀಲಗಳ ನೆನಪಾಗಿ ಓಡಿದೆ. ಚಾಪೆ ಇತ್ತು, ಬುಟ್ಟಿ ಇತ್ತು. ಗೋಣಿಚೀಲ ಒಂದೂ ಇರಲಿಲ್ಲ.

ಎಲ್ಲಿ ಹೋದವು ಎಂದು ಮಂಗಳವಾರ ಬೆಳಿಗ್ಗೆ ಗೊತ್ತಾಯಿತು.

ನಮ್ಮ ಪಕ್ಕದ ಮನೆ ಬಾಷಾ ಸಾಬರದು. ಎರಡೂ ಮನೆಗೆ ನಡುವೆ ಒಂದೇ ಗೋಡೆ, ಮೇಲೆ ಒಂದೇ ಸಾಲು ಹೆಂಚು. ಸಾಬರು ಬೊಂಬೆ ಮಾಡುವವರು. ಜಗುಲಿಯ ಮೇಲೆ ಕೂತು ಆಲೆ ಎಂಬ ಮೆದು ಮರದ ತುಂಡನ್ನು ತಿರುಗಿಸಿ ಬಣ್ಣದ ಅರಗಿನ ಕಡ್ಡಿ ಹಿಡಿದರೆ ಬಣ್ಣ ಸರಸರ ಏರುತ್ತದೆ. ಮಂಗಳವಾರ ಅವರ ಕೆಲಸದ ಜಾಗದ ಪಕ್ಕದಲ್ಲಿ ನಮ್ಮ ಗೋಣಿಚೀಲ ಹಾಸಿತ್ತು. ಅದರ ಮೇಲೆ ಅವರ ಕಿರಿಯ ಮಗಳು, ಆರು ವರ್ಷದ ಜುಬೇದಾ, ಕಾಲು ಚಾಚಿ ಕೂತು ಗಿಲಕಿಗಳನ್ನು ಬಣ್ಣದ ಪ್ರಕಾರ ಬೇರೆ ಮಾಡುತ್ತಿದ್ದಳು.

"ಮೇಷ್ಟ್ರೆ, ನಿಮ್ ಗೋಣಿ ಬಾಳ ಗಟ್ಟಿ ಅವೆ," ಎಂದರು ಸಾಬರು. "ಮೂರರಲ್ಲಿ ಮರ ತುಂಬಿಟ್ಟೆ. ಇದೊಂದ್ ನಮ್ ಮಗೂಗೆ."

ನಾನು ಏನು ಹೇಳಬೇಕಿತ್ತು? ಮಗುವನ್ನು ಎತ್ತಿ ಪಕ್ಕಕ್ಕಿಟ್ಟು ಗೋಣಿಯನ್ನು ಕಿತ್ತುಕೊಳ್ಳಬೇಕಿತ್ತು. ಕಿತ್ತುಕೊಂಡರೆ ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂದು ಹೇಳಿದರೆ ಸಂಜೆಯೊಳಗೆ ಗೌರಿ ಬಯಲಿನಲ್ಲಿ. ನಾನು ನಕ್ಕೆ. ನಿಜವಾಗಿಯೂ ನಕ್ಕುಬಿಟ್ಟೆ. ಇಲಿಯ ಮೈಮೇಲಿನ ಚಿಗಟವೇ ಮನುಷ್ಯನಿಗೆ ರೋಗ ತರುತ್ತದೆ ಎಂದು ಕ್ಲಾಸಿನಲ್ಲಿ ಮಕ್ಕಳಿಗೆ ಬರೆಸಿದವನು, ಸ್ಕೂಲಿಗೆ ಹೊತ್ತಾಯಿತು ಎಂದು ಹೇಳಿ ಹೊರಟುಬಿಟ್ಟೆ.

ಅವತ್ತಿನಿಂದ ನಮ್ಮ ಮನೆಯಲ್ಲಿ ಒಂದು ಹೊಸ ಕ್ಲೀನಿಂಗು ಶುರುವಾಯಿತು. ಸಾವಿತ್ರಿ ತಿಕ್ಕಿದ ಪಾತ್ರೆಯನ್ನೇ ಮತ್ತೆ ತಿಕ್ಕುತ್ತಾಳೆ. ದಿನಕ್ಕೆರಡು ಸಲ ನೆಲಕ್ಕೆ ಸಗಣಿ ಸಾರಿಸುತ್ತಾಳೆ. ನಾನು ಬಚ್ಚಲಿಗೆ ಹೋದಾಗಲೆಲ್ಲ ಕಂಕುಳು, ತೊಡೆಯ ಸಂದು ಮುಟ್ಟಿ ನೋಡಿಕೊಳ್ಳುತ್ತೇನೆ, ಗಡ್ಡೆ ಎದ್ದಿದೆಯೇ ಎಂದು. ಮುಟ್ಟಿ ಮುಟ್ಟಿ ನೋವು ಬಂದರೆ, ಆ ನೋವು ಏತರದು ಎಂದು ಮತ್ತೆ ಹೆದರಿಕೆ. ಗೌರಿ ಒಂದು ಸಲ ಸೀನಿದರೆ ಇಬ್ಬರೂ ಅಡುಗೆಮನೆಯಿಂದ ಓಡಿ ಬರುತ್ತಿದ್ದೆವು. ಇದೇನಪ್ಪ ಇವರಿಗೆ ಎಂದು ಅವಳು ಹುಬ್ಬು ಗಂಟಿಕ್ಕುತ್ತಿದ್ದಳು.

ಗುರುವಾರ ಸುಣ್ಣ ಬಳಿಯಲು ಕರಿಯಪ್ಪ ಬಂದ. ವಿರೂಪಾಕ್ಷಿಪುರದ ಕಡೆಯವನು, ಪ್ರತಿ ವರ್ಷ ನಮ್ಮ ಬೀದಿಗೆಲ್ಲ ಅವನದೇ ಸುಣ್ಣ. ಏಣಿ ಇಟ್ಟು ಅಟ್ಟ ಹತ್ತಿದ. ಕುಂಚ ಅದ್ದುವ ಸದ್ದು ಬರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಮೇಲಿಂದಲೇ ಕೂಗಿದ.

"ಮೇಷ್ಟ್ರೆ, ಅಟ್ಟಕ್ಕೆ ಎಲ್ಡ್ ಕೋಟ್ ಹೊಡೀಲಾ?"

"ಯಾಕಯ್ಯಾ? ಅಟ್ಟವನ್ನು ಯಾರು ನೋಡುತ್ತಾರೆ?"

"ಈ ವರ್ಸ ಎಲ್ರೂ ಅಂಗೇ ಏಳ್ತಾವ್ರೆ. ನಡುಮನೆಗೆ ಒಂದ್ ಕೋಟು, ಅಟ್ಟಕ್ಕೆ ಎಲ್ಡು. ಮೂಲೆಗೆ ಒಸಿ ದಪ್ಪಗೆ ಬಳಿ ಕರಿಯಪ್ಪ ಅಂತಾರೆ." ಅವನು ಎರಡು ಮೆಟ್ಟಿಲು ಇಳಿದು ತಲೆ ಬಗ್ಗಿಸಿದ. ದನಿ ಇಳಿಸಿದ. "ಎಲ್ರ ಅಟ್ಟದಾಗೂ ಸೀಮೆಣ್ಣೆ ವಾಸ್ನೆ ಬತ್ತದೆ ಮೇಷ್ಟ್ರೆ. ನಿಮ್ದೂ ಸೇರಿ ಈ ಬೀದೀಲಿ ಐದ್ ಮನೆ ಆದ್ವು. ನಾನೇನ್ ಯಾರ್ತಾವೂ ಬಾಯ್ ಬುಡಾಕಿಲ್ಲ. ಆದ್ರೆ ನಂಗೂ ಎಂಡ್ರು ಮಕ್ಳು ಅವ್ರೆ. ನಾಳೀಕೆ ನಾನ್ ಸುಣ್ಣದ್ ಕೆಲ್ಸ ಬುಟ್ಬುಟ್ಟು ಊರಿಗೋಯ್ತೀನಿ."

ಐದು ಮನೆ. ನಾವೊಬ್ಬರೇ ಹೆದರಿ ಬಚ್ಚಿಟ್ಟೆವು ಎಂದುಕೊಂಡಿದ್ದೆ. ಈ ಬೀದಿಯಲ್ಲಿ ನಾವೆಲ್ಲ ದಿನಾ ನಿಂತು ಮಾತಾಡುತ್ತೇವೆ, ಹಬ್ಬಕ್ಕೆ ಒಬ್ಬಟ್ಟು ಎಷ್ಟು ಮಾಡುತ್ತೀರಿ ಎಂದು ಕೇಳುತ್ತೇವೆ. ಒಬ್ಬರಿಗೊಬ್ಬರು ಹೇಳದೆ ಐವರೂ ಸುಟ್ಟಿದ್ದೇವೆ, ಬಳಿದಿದ್ದೇವೆ. ಬೀದಿ ಮಾತ್ರ ಈ ವರ್ಷದಷ್ಟು ಬೆಳ್ಳಗೆ ಎಂದೂ ಇರಲಿಲ್ಲ.

ತಿರುಗಿ ನೋಡಿದರೆ ನಡುಮನೆಯ ಬಾಗಿಲಲ್ಲಿ ಗೌರಿ ನಿಂತಿದ್ದಳು. ಗೋಡೆಗೆ ಕೈ ಕೊಟ್ಟುಕೊಂಡು. ಎಲ್ಲ ಕೇಳಿಸಿಕೊಂಡಿದ್ದಳು.

"ಅಪ್ಪಾ, ಯಾವತ್ತು ಸಿಕ್ತು?"

"ಸೋಮವಾರ."

"ಸಾಬರಿಗೆ ಹೇಳಿದ್ರಾ?"

ನಾನು ಏಣಿಯ ಕಾಲು ಗಟ್ಟಿಯಾಗಿ ನಿಂತಿದೆಯೇ ಎಂದು ನೋಡತೊಡಗಿದೆ.

"ಮೂರು ವಾರದ ಹಿಂದೆ ನೀವು ಬರೆದಿದ್ದನ್ನ ಚೆನ್ನಾಗಿ ಪ್ರತಿ ಮಾಡಿ ಪೋಸ್ಟಿಗೆ ಹಾಕಿದ್ದು ನಾನು," ಎಂದಳು. (ನನ್ನ ಅಕ್ಷರ ಅಚ್ಚಿನವರಿಗೆ ತಿಳಿಯುವುದಿಲ್ಲ.) "ಒಂದೊಂದು ಮಾತೂ ನೆನಪಿದೆ."

"ನಿನಗೋಸ್ಕರ ಕಣಮ್ಮ," ಎಂದಳು ಸಾವಿತ್ರಿ. ಅವಳು ಆಗಲೇ ಅಳುತ್ತಿದ್ದಳು. "ಬಯಲಲ್ಲಿ ಹೆರ್ತೀಯಾ?"

"ಹೆರ್ತೀನಿ. ಗಾಡಿ ಕರೆಸಿ." ಗೌರಿ ತಾಯಿಯ ಕಡೆ ತಿರುಗಿದಳು. "ನನಗೂ ಭಯ ಇದೆಯಮ್ಮ. ಆದರೆ ನನಗೋಸ್ಕರ ಮುಚ್ಚಿಟ್ಟೆವು ಅಂತ ಮಾತ್ರ ಯಾರ ಹತ್ರಾನೂ ಹೇಳ್ಬೇಡಿ. ಹುಟ್ಟೋ ಮಗುವಿನ ತಲೆ ಮೇಲೆ ಅದನ್ನ ಹೊರಿಸ್ಬೇಡಿ."

ಅಂಗವಸ್ತ್ರ ಹೆಗಲಿಗೆ ಹಾಕಿಕೊಂಡು ತಾಲ್ಲೂಕು ಕಚೇರಿಗೆ ನಡೆದೆ. ದಾರಿಯುದ್ದಕ್ಕೂ ಒಂದೇ ವಾಕ್ಯ ಕಲಿತುಕೊಂಡು ಹೋದೆ: ಸೋಮವಾರ ಸಿಕ್ಕಿತು, ಹೆದರಿ ಮುಚ್ಚಿಟ್ಟೆ, ತಪ್ಪಾಯಿತು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಒಪ್ಪಿಸಲು ಹೇಳಿದವನಿಗೆ ಇಷ್ಟು ಚಿಕ್ಕ ಪಾಠ ಕಷ್ಟವೇ?

ಪ್ಲೇಗಿನ ರಿಜಿಸ್ಟರು ಇಟ್ಟುಕೊಂಡಿದ್ದ ಗುಮಾಸ್ತರು ಎದ್ದು ನಿಂತು ಕುರ್ಚಿ ಕೊಟ್ಟರು. "ಯಾವಾಗ ಬಿತ್ತು ಸಾರ್?" ಎಂದರು.

"ಇವತ್ತು ಬೆಳಿಗ್ಗೆ," ಎಂದೆ.

ಅದು ಹೇಗೆ ಬಾಯಿಂದ ಬಂತೋ ನನಗೆ ಗೊತ್ತಿಲ್ಲ. ಅವರು ಹಾಗೇ ಬರೆದುಕೊಂಡರು. "ಹೆಡ್ಮಾಸ್ಟರ್ ಅಂದ್ರೆ ಹೀಗಿರಬೇಕು ನೋಡಿ. ನಿಮ್ಮ ಬೀದಿಯಿಂದ ತಾನಾಗಿ ಬಂದು ಹೇಳಿದವರು ನೀವೇ ಮೊದಲು," ಎಂದರು. ಉಳಿದ ನಾಲ್ಕು ಮನೆಯ ಮಾತನ್ನು ಹೇಗೋ ಎತ್ತಿದೆ. ಇಡೀ ಬೀದಿಯ ಅಟ್ಟಗಳನ್ನು ನೋಡಿಸಿ ಎಂದೆ. ಅಷ್ಟಾದರೂ ಹೇಳಿದೆ.

ಶುಕ್ರವಾರ ಆಳುಗಳು ಬಂದರು. ಸುಣ್ಣದ ಹಸಿ ಆರಿರಲಿಲ್ಲ, ಅದರ ಮೇಲೆಯೇ ಔಷಧಿ ಹೊಡೆದರು. ಹೆಂಚು ತೆಗೆದರು. ನಮ್ಮ ಅಡುಗೆಮನೆಯಿಂದ ಆಕಾಶ ಕಾಣುವುದನ್ನು ಸಾವಿತ್ರಿ ನೋಡಲಾರದೆ ಗಾಡಿ ಹತ್ತಿ ಕೂತಳು. ಬಾಷಾ ಸಾಬರ ಮನೆಯನ್ನೂ ಖಾಲಿ ಮಾಡಿಸಿದರು. ಅವರು ಉಳಿಗಳನ್ನು ಒಂದು ಬಟ್ಟೆಯಲ್ಲಿ ಸುತ್ತಿಕೊಂಡು ನನ್ನ ಪಕ್ಕಕ್ಕೆ ಬಂದರು. ಸಾಬರೇ, ಆ ಗೋಣಿಗಳನ್ನು ನಾಲ್ಕನ್ನೂ ಸುಟ್ಟುಬಿಡಿ ಎಂದೆ. ಯಾಕೆ ಎಂದು ಅವರು ಕೇಳಲಿಲ್ಲ. ಅಲ್ಲೇ ಸುಟ್ಟರು.

"ನೀವ್ ಇಲಿ ಸಿಕ್ಕಿದ್ ದಿನಾನೇ ಹೋಗಿ ಹೇಳಿದ್ರಂತೆ," ಎಂದರು ನನ್ನ ಕೈ ಹಿಡಿದು. "ಅಲ್ಲಾ ನಿಮ್ಗೆ ಒಳ್ಳೇದ್ ಮಾಡ್ಲಿ ಮೇಷ್ಟ್ರೆ. ನಮ್ ಮಕ್ಳು ಬದುಕ್ಕೊಂಡ್ವು."

ಇದನ್ನು ಯುಗಾದಿಯ ದಿನ ಶೆಡ್ಡಿನಲ್ಲಿ ಕೂತು ಬರೆಯುತ್ತಿದ್ದೇನೆ. ಗೌರಿಗೆ ಇನ್ನೂ ನೋವು ಬಂದಿಲ್ಲ. ಒಂದು ಮೂಲೆಗೆ ಸಾವಿತ್ರಿಯ ಎರಡು ಸೀರೆ ಕಟ್ಟಿ ಮರೆ ಮಾಡಿದ್ದೇವೆ. ಸೂಲಗಿತ್ತಿ ಇಲ್ಲಿಗೂ ಬರುತ್ತೇನೆ ಎಂದಿದ್ದಾಳೆ. ನಮ್ಮ ಮೂವರಿಗೂ ಈವರೆಗೆ ಜ್ವರವಿಲ್ಲ.

ಜುಬೇದಾಗೆ ನಿನ್ನೆಯಿಂದ ಮೈ ಸುಡುತ್ತಿದೆ. ಗಡ್ಡೆ ಎದ್ದಿಲ್ಲ, ಬಿಸಿಲಿಗೂ ಬಂದಿರಬಹುದು, ಎರಡು ದಿನ ನೋಡೋಣ ಎಂದರು ಡಾಕ್ಟರು. ನಮ್ಮ ಶೆಡ್ಡಿಗೂ ಅವರದಕ್ಕೂ ನಡುವೆ ಬಿದಿರಿನ ಒಂದು ತಡಿಕೆ ಇದೆ, ಅಷ್ಟೇ. ಆ ಮಗು ನೀರು ಕೇಳುವುದು ನನಗೆ ಕೇಳಿಸುತ್ತದೆ. ನಾನು ಪೆನ್ನು ಕೆಳಗಿಡುತ್ತೇನೆ, ಅದು ಮಲಗಿದ ಮೇಲೆ ಮತ್ತೆ ಎತ್ತಿಕೊಳ್ಳುತ್ತೇನೆ. ಸೋಮವಾರವೇ ಹೇಳಿದ್ದರೆ ಅವಳು ಆ ಗೋಣಿಯ ಮೇಲೆ ಮೂರು ದಿನ ಕೂರುತ್ತಿರಲಿಲ್ಲ. ಬಿಸಿಲಿನ ಜ್ವರವೇ ಆಗಲಿ ಎಂದು ನನ್ನ ದೇವರನ್ನೂ ಅವರ ದೇವರನ್ನೂ ಕೇಳಿಕೊಂಡಿದ್ದೇನೆ.

ಬಾಷಾ ಸಾಬರಿಗೆ ಕನ್ನಡ ಓದಲು ಬಾರದು. ಪ್ರತಿ ಶನಿವಾರ ಪತ್ರಿಕೆ ಬಂದ ಕೂಡಲೇ ಈ ಅಂಕಣವನ್ನು ಅವರಿಗೆ ಓದಿ ಹೇಳುವುದು ನಾನೇ. ಬರುವ ಶನಿವಾರವೂ ತಡಿಕೆಯಾಚೆಯಿಂದ ಬಂದು "ಏನ್ ಬರ್ದಿದೀರಾ, ಓದಿ ಮೇಷ್ಟ್ರೆ" ಎನ್ನುತ್ತಾರೆ. 'ಸೋಮವಾರ' ಎಂದು ಬರೆದಿರುವಲ್ಲಿ ನಾನು 'ಸೋಮವಾರ' ಎಂದೇ ಓದುತ್ತೇನೆಯೇ?