ಕಿವಿಯಿಂದ ಕಾರು ಓಡಿಸಿದವರು

ಹೋದ ವಾರ ನಮ್ಮ ಅಡಿಗೆಮನೆ ಕಿಟಕಿಗೆ ಕಬ್ಬಿಣದ ಜಾಲರಿ ಹಾಕಿಸಿದೆವು. ಮಂಗಗಳ ಕಾಟ. ವೆಲ್ಡಿಂಗಿನವನು ಅಂಗಳದಲ್ಲಿ ಸರಳು ಕೊಯ್ಯತೊಡಗಿದಾಗ ಸುಟ್ಟ ಕಬ್ಬಿಣದ ವಾಸನೆ ಒಳಗೆ ನುಗ್ಗಿತು. ಹಾಸಿಗೆಯಲ್ಲಿದ್ದ ಅಪ್ಪ ಮುಖ ಆಚೆ ಹೊರಳಿಸಿದರು. ನಾನು ಗಂಜಿಯ ಬಟ್ಟಲು ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ... ಒಂದು ಕಾಲಕ್ಕೆ ಇದೇ ವಾಸನೆ ಪ್ರತಿ ಭಾನುವಾರ ನನ್ನ ದುಪಟ್ಟಾಕ್ಕೆ ಹತ್ತಿಕೊಂಡಿರುತ್ತಿತ್ತು. ಮನೆ ಹೊಗುವ ಮೊದಲು ಓಣಿಯ ಮೂಲೆಯಲ್ಲಿ ನಿಂತು ಅದನ್ನು ಝಾಡಿಸುತ್ತಿದ್ದೆ.

ಸವಣೂರು ರಸ್ತೆಯ ಆ ಗ್ಯಾರೇಜಿನ ಮಿಸ್ತ್ರಿಗೆ ಶಿಗ್ಗಾಂವಿಯ ಮಂದಿಯೆಲ್ಲ ಚಾಚಾ ಅನ್ನುತ್ತಿದ್ದರು. ಹುಲಗೂರಿನವರು. ಐವತ್ತೈದರ ಆಸುಪಾಸು, ತೆಳ್ಳನೆಯ ಆಳು, ಕಿವಿಯ ಮೇಲೆ ಸದಾ ಒಂದು ಪೆನ್ಸಿಲ್.

ನಾನಾಗ ಸವಣೂರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೆ. ಈಗಲೂ ಅಲ್ಲೇ ಇದ್ದೇನೆ. ಅವ್ವ ತೀರಿಕೊಂಡ ಮೇಲೆ ಶಿಗ್ಗಾಂವಿಯ ಮನೆಯಲ್ಲಿ ಉಳಿದವರು ಅಪ್ಪ ಮತ್ತು ನಾನು. ಅಪ್ಪ ಸಂಸ್ಕೃತದ ಮಾಸ್ತರರು, ನಿವೃತ್ತರು. ನನಗೆ ಒಂದು ದಿನವೂ ಗದರಿಸಿದವರಲ್ಲ. ಸಂಜೆ ಆರಕ್ಕೆ ಬಾಗಿಲ ಚೌಕಟ್ಟಿಗೆ ಕೈಯೂರಿ ನಿಲ್ಲುತ್ತಿದ್ದರು, ಅಷ್ಟೆ. ಆರೂ ಹತ್ತಾದರೂ ಏನೂ ಅನ್ನುತ್ತಿರಲಿಲ್ಲ. ನಿಂತೇ ಇರುತ್ತಿದ್ದರು. ಹಾನಗಲ್ಲಿನ ಸಂಬಂಧವೊಂದು ವರ್ಷದ ತನಕ ಮಾತುಕತೆಯಲ್ಲಿದ್ದು ಮುರಿದ ಮೇಲಂತೂ ನಾವಿಬ್ಬರೂ ಆ ಮನೆಯಲ್ಲಿ ಸಪ್ಪಳವಿಲ್ಲದೆ ಓಡಾಡುವುದನ್ನು ಕಲಿತುಬಿಟ್ಟಿದ್ದೆವು.

ನನ್ನ ಸ್ಕೂಟಿ ಕೆಟ್ಟದ್ದೇ ನೆಪ. ನಿಧಾನ ಹೋದಾಗ ಚಿಟಚಿಟ ಅನ್ನುತ್ತದೆ, ಜೋರು ಹೋದರೆ ನಿಲ್ಲುತ್ತದೆ, ಬಲಕ್ಕೆ ತಿರುಗಿಸಿದರೆ ಮತ್ತೆ ಶುರುವಾಗುತ್ತದೆ ಎಂದು ಚಾಚಾನಿಗೆ ಹೇಳಿದೆ. ಅವರು ನಟ್ಟು ಬಿಚ್ಚುತ್ತಿದ್ದ ಪಾನಾ ಕೆಳಗಿಟ್ಟು ನನ್ನ ಮುಖ ನೋಡಿದರು.

"ಬಂದವರೆಲ್ಲಾ ಗಾಡಿ ಕೆಟ್ಟೈತಿ ಅಂತಾರ್ರಿ ಮೇಡಂ. ಹಿಂಗ ಕಿವಿಗೊಟ್ಟು ಕೇಳ್ಕೊಂಡು ಬಂದವರು ನೀವ ಮೊದಲ್ನೇದವರು."

ಗ್ಯಾರೇಜಿನ ಹಿಂದೆ ಬೇವಿನ ಮರದ ಕೆಳಗೆ ಒಂದು ಸಣ್ಣ ಬಿಳಿ ಕಾರು ನಿಂತಿತ್ತು. ಹಿರೇಕೆರೂರಿನ ಯಾರದೋ ಗಾಡಿ. ಮಾಸೂರಿನ ಹತ್ತಿರ ಹುಣಸೆಮರಕ್ಕೆ ಗುದ್ದಿ ಎಡಗಡೆಯ ಮೂತಿ ಪೂರ್ತಿ ಒಳಗೆ ಹೋಗಿತ್ತು. ಕೂತವರಿಗೆ ಹೆಚ್ಚೇನೂ ಆಗಿರಲಿಲ್ಲ. ಮಾಲೀಕರು ಅದರ ಮುಖ ನೋಡುವುದೂ ಬೇಡವೆಂದು ಗುಜರಿಯ ದರಕ್ಕೆ ಬಿಟ್ಟುಹೋಗಿದ್ದರು.

ಚಾಚಾ ಹರೆಯದಲ್ಲಿ ನಾಲ್ಕು ವರ್ಷ ಕೊಯಮತ್ತೂರಿನಲ್ಲಿದ್ದರಂತೆ. ರೇಸಿನ ಕಾರು ಕಟ್ಟುವ ವರ್ಕ್‌ಶಾಪಿನಲ್ಲಿ. ಮದುವೆಯಾದ ಮೇಲೆ ಚಾಚಿಗೆ ಫಿಟ್ಸ್ ಶುರುವಾಯಿತು. ಅದರ ಜೊತೆಗೆ ಒಂದು ಹೆದರಿಕೆ... ಗಂಡ ಹತ್ತಿರ ಇಲ್ಲದಿದ್ದರೆ ಆಕೆಗೆ ಉಸಿರೇ ಹಿಡಿಯುತ್ತಿತ್ತು. ಶಿಗ್ಗಾಂವಿಗೆ ಬಂದ ಚಾಚಾ ಮನೆಗೆ ಅಂಟಿಸಿಯೇ ಗ್ಯಾರೇಜು ಹಾಕಿದರು. ನಡುವೆ ಒಂದು ಕಿಟಕಿ. ಆಗಾಗ ಒಳಗಿನಿಂದ ಚಾಚಿ ಬಳೆಯಿಂದ ಸರಳಿಗೆ ಬಡಿಯುತ್ತಿದ್ದರು. ಇವರು ಕೆಲಸ ಬಿಡದೆ ಪಾನಾದಿಂದ ಏನಾದರೊಂದಕ್ಕೆ ಬಡಿದು ಇಲ್ಲೇ ಇದ್ದೇನೆ ಎಂದು ತಿಳಿಸುತ್ತಿದ್ದರು. ದಿನಕ್ಕೆ ಎಷ್ಟು ಸಲವೋ. ಇಪ್ಪತ್ತೈದು ವರ್ಷ ಹುಬ್ಬಳ್ಳಿಯ ದವಾಖಾನೆ ಬಿಟ್ಟರೆ ಅವರು ಬೇರೆ ಊರು ನೋಡಿರಲಿಲ್ಲ.

"ಇದನ್ನ ಟ್ರ್ಯಾಕಿಗೆ ತಯಾರ ಮಾಡೂಣೇನ್ರಿ?" ಒಂದು ದಿನ ಆ ಕಾರು ತೋರಿಸಿ ಕೇಳಿದರು. "ನಾ ಕಟ್ತೇನಿ. ನೀವು ಓಡಸ್ರಿ."

ನಾನು ನಕ್ಕೆ. ಮುಂದಿನ ಭಾನುವಾರ ಹೋಗಿ ಹೂಂ ಅಂದೆ.

ಮನೆಯಲ್ಲಿ ಸ್ಪೆಷಲ್ ಕ್ಲಾಸ್ ಎಂದು ಸುಳ್ಳು ಹೇಳಿದೆ. ಒಂಬತ್ತು ತಿಂಗಳು ಅದೇ ಸುಳ್ಳು. ಮೊದಲು ಬಿಚ್ಚುವ ಕೆಲಸ. ಹಿಂದಿನ ಸೀಟು, ನೆಲದ ಹಾಸು, ಎಸಿ, ಬಾಗಿಲ ಒಳಗಿನ ಹಲಗೆ, ಭಾರವಾದದ್ದೆಲ್ಲ ಹೊರಗೆ. ಬೇವಿನ ಮರಕ್ಕೆ ಸರಪಳಿ ಕಟ್ಟಿ ಒಳಗೆ ಹೋದ ಮೂತಿಯನ್ನು ಇಷ್ಟಿಷ್ಟೇ ಎಳೆದೆವು. ಕಾರು ಮಗುಚಿದರೆ ತಲೆ ಉಳಿಯಲೆಂದು ಸೀಟಿನ ಹಿಂದೆ ಗಟ್ಟಿ ಪೈಪುಗಳ ಪಂಜರ. ಅದರ ಕೋನಗಳ ಲೆಕ್ಕ ನಾನು ಹಾಕಿದೆ, ವೆಲ್ಡಿಂಗ್ ಅವರದು. ಎಂಜಿನ್ನಿನ ಬಲ ಹೆಚ್ಚಿಸೋಣವೇ ಎಂದರೆ ಚಾಚಾ ಒಪ್ಪಲಿಲ್ಲ.

"ಕಲಿಯಾಕ ಹೊಂಟವರಿಗೆ ಜೋರು ಯಾಕ್ರಿ? ಮೊದಲ ನಿಲ್ಲಸೂದು ಕಲೀರಿ."

ಹಾಗಾಗಿ ಹೊಸ ಬ್ರೇಕು, ಹೊಸ ರೇಡಿಯೇಟರು, ಹಿಡಿತದ ಟೈರು, ಎರಡೂ ಭುಜ ಬಿಗಿಯುವ ಬೆಲ್ಟು. ಎಂಜಿನ್ನು ಇದ್ದದ್ದೇ.

ಓಡಿಸಲು ಕಲಿತದ್ದು ಮುಚ್ಚಿಹೋಗಿದ್ದ ಹತ್ತಿ ಮಿಲ್ಲಿನ ಅಂಗಳದಲ್ಲಿ. ಗ್ಯಾರೇಜಿಗೆ ಕೂಗಳತೆ. ಅದಕ್ಕಿಂತ ದೂರ ಚಾಚಾ ಬರುವಂತಿರಲಿಲ್ಲ. ಹಳೆಯ ಟೈರುಗಳನ್ನಿಟ್ಟು ತಿರುವು ಮಾಡಿ, ಮೋಟುಗೋಡೆಯ ಮೇಲೆ ಕಣ್ಣುಮುಚ್ಚಿ ಕೂರುತ್ತಿದ್ದರು. ನೋಡುತ್ತಿರಲಿಲ್ಲ, ಕೇಳುತ್ತಿದ್ದರು. ಒಮ್ಮೆ ತಿರುವಿನಲ್ಲಿ ಕಾರು ಗಿರ್ರನೆ ಸುತ್ತಿ, ಬಂದ ದಿಕ್ಕಿಗೇ ಮುಖ ಮಾಡಿ ನಿಂತಿತು. ಚಾಚಾ ಓಡಿ ಬಂದರು. ನಾನು ಸ್ಟೇರಿಂಗ್ ಹಿಡಿದು ನಗುತ್ತಿದ್ದೆ, ಕಣ್ಣಲ್ಲಿ ನೀರು.

"ಏನಾತ್ರಿ?"

"ಮನಿ ಮರ್ತಿದ್ದೆ ಚಾಚಾ," ಅಂದೆ.

ಕೊಯಮತ್ತೂರಿನಲ್ಲಿ ಹೊಸಬರಿಗೆಂದೇ ಟ್ರ್ಯಾಕು ತೆರೆಯುವ ದಿನವೊಂದಿತ್ತು. ಫೋನಿನಲ್ಲೇ ಹೆಸರು ಕೊಟ್ಟು ಅಪ್ಪನಿಗೆ ಎಲ್ಲ ಹೇಳಿದೆ. ಅವರು ಎದ್ದು ಬಾಗಿಲ ಚೌಕಟ್ಟಿಗೆ ಕೈಯೂರಿ ನಿಂತರು.

"ಹೋಗಿ ಬಾ," ಎಂದರು. "ಒಂದ ಸಲ."

ಚಾಚಾ ಕೂಡ ಬರುವುದೆಂದಾಗಿತ್ತು. ಚಾಚಿಯನ್ನು ನೋಡಿಕೊಳ್ಳಲು ಆಕೆಯ ತಂಗಿ ಹುಲಗೂರಿನಿಂದ ಬಂದಿದ್ದರು. ಬೆಳಿಗ್ಗೆ ಕಾರನ್ನು ಸಣ್ಣ ಲಾರಿಗೇರಿಸಿ ಹಗ್ಗ ಬಿಗಿದೆವು. ಚಾಚಾ ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿದ್ದರು, ಕೈಯಲ್ಲಿ ರೆಕ್ಸಿನ್ ಚೀಲ. ಆ ಚೀಲ ನೋಡಿದ್ದೇ ಚಾಚಿ ಹೊಸ್ತಿಲಲ್ಲೇ ಬಿದ್ದರು. ಫಿಟ್ಸ್ ನಿಂತ ಮೇಲೂ ಅವರ ಮುಷ್ಟಿ ಗಂಡನ ಶರ್ಟಿನ ಅಂಚನ್ನು ಬಿಡಲಿಲ್ಲ. ಚಾಚಾ ಅಲ್ಲೇ ನೆಲದ ಮೇಲೆ ಕೂತು ಲಾರಿಯವನಿಗೆ ಹೋಗು ಎಂದು ಕೈ ಮಾಡಿದರು. ನನ್ನ ಕಡೆ ನೋಡಲೇ ಇಲ್ಲ.

ಲಾರಿಯಲ್ಲಿ ಕೂತಿದ್ದ ನನಗೆ ಇಳಿದುಬಿಡಬೇಕು ಅನ್ನಿಸಿತು. ಇಳಿಯಲಿಲ್ಲ.

ಟ್ರ್ಯಾಕಿನಲ್ಲಿ ಇಪ್ಪತ್ತು ನಿಮಿಷದ ಎರಡು ಸರದಿ. ನನ್ನದು ಎಲ್ಲಕ್ಕಿಂತ ನಿಧಾನದ ಕಾರು. ಮೊದಲ ಸುತ್ತುಗಳಲ್ಲಿ ಹಿಂದೆ ಬಂದವರಿಗೆಲ್ಲ ದಾರಿ ಬಿಟ್ಟುಕೊಟ್ಟೆ. ಎರಡನೇ ಸರದಿಗೆ ಮೊದಲು ಚಾಚಾನಿಗೆ ಫೋನು ಹಚ್ಚಿ, ಅಲ್ಲಿಯ ಮೆಕ್ಯಾನಿಕ್ ಒಬ್ಬರ ಕೈಗೆ ಕೊಟ್ಟು, ನಾನು ಹಾಯುವಾಗೆಲ್ಲ ಟ್ರ್ಯಾಕಿನ ಗೋಡೆಯಾಚೆ ಹಿಡಿಯಿರಿ ಎಂದೆ. ಇಳಿದು ಬಂದು ಫೋನು ತೆಗೆದುಕೊಂಡಾಗ ಚಾಚಾ ಇನ್ನೂ ಲೈನಿನಲ್ಲೇ ಇದ್ದರು.

"ಕೇಳಿಸ್ತೇನ್ರಿ ಚಾಚಾ?"

"ಕೇಳಿಸ್ತು. ಮೂರನೇ ಗೇರು ಭಾಳ ಹೊತ್ತು ಹಿಡೀತಿ, ಲಗೂ ಬಿಡು." ಉಸಿರು ಎಳೆದುಕೊಂಡರು. "ಕಡೀ ಸುತ್ತಿನ್ಯಾಗ ಬ್ರೇಕ್ ತಡಾ ಹಿಡದಿ. ಹೆದರಲಿಲ್ಲ. ಚಲೋ ಆತು ಬೇಟಿ."

ಮೇಡಂ ಅನ್ನದೆ ಅವರು ನನ್ನನ್ನು ಕರೆದದ್ದು ಅದೊಂದೇ ಸಲ.

ಮನೆಗೆ ಬಂದಾಗ ಅಪ್ಪ ಎರಡು ದಿನದಿಂದ ಊಟ ಮಾಡಿರಲಿಲ್ಲ. "ನಾ ಎಲ್ಲೆ ಬ್ಯಾಡ ಅಂದೆ? ಎರಡ ಏಕಾದಶಿ ಕೂಡಿ ಬಂದ್ವು ಅಂತ ತಿಳಕೋ," ಎಂದು ಎಲೆಯ ಮುಂದೆ ಕೂತರು. ನಾಲ್ಕು ತಿಂಗಳಿಗೆ ಲಕ್ವಾ ಹೊಡೆಯಿತು, ಬಲಗಡೆ ಪೂರ್ತಿ. ಆಮೇಲೆ ನಾನು ಒಂದು ರಾತ್ರಿಯೂ ಊರು ಬಿಟ್ಟಿಲ್ಲ.

ಭಾನುವಾರಗಳೂ ನಿಂತವು. ಚಾಚಾ ಮಾತ್ರ ವಾರಕ್ಕೊಮ್ಮೆ ಆ ಕಾರು ಚಾಲೂ ಮಾಡಿ, ಫೋನು ಮಾಡಿ, ಮಾತಿಲ್ಲದೆ ಅದರ ಸಪ್ಪಳ ಕೇಳಿಸುತ್ತಿದ್ದರು. ನಾನು ಅಪ್ಪನಿಗೆ ಉಣಿಸುತ್ತ, ಭುಜಕ್ಕೆ ಫೋನು ಒತ್ತಿಕೊಂಡು ಕೇಳುತ್ತಿದ್ದೆ. ಒಂದು ಭಾನುವಾರ ಫೋನು ಬರಲಿಲ್ಲ. ಕೆಲಸ ಇರಬೇಕು ಅಂದುಕೊಂಡೆ... ಚಾಚಾನನ್ನು ಎದೆನೋವೆಂದು ಹುಬ್ಬಳ್ಳಿಗೆ ಒಯ್ದಿದ್ದರಂತೆ, ದಾರಿಯಲ್ಲೇ ಹೋದರಂತೆ. ನನಗೆ ತಿಳಿದದ್ದು ಮೂರು ದಿನದ ಮೇಲೆ, ಬಸ್ಸಿನಲ್ಲಿ. ಅಷ್ಟರೊಳಗೆ ಚಾಚಿಯನ್ನು ತಂಗಿ ಹುಲಗೂರಿಗೆ ಕರೆದೊಯ್ದಿದ್ದರು. ಕಾರನ್ನು ಹಂಸಭಾವಿಯ ಗುಜರಿಯವರು ಎಳೆದುಕೊಂಡು ಹೋಗಿದ್ದರು.

ಮೊನ್ನೆ ಭಾನುವಾರ ಅಪ್ಪನ ಹತ್ತಿರ ಪಕ್ಕದ ಮನೆಯವರನ್ನು ಕೂರಿಸಿ ಹುಲಗೂರಿಗೆ ಹೋದೆ. ಇಷ್ಟು ದಿನ ಹೋಗಿರಲಿಲ್ಲ. ಚಾಚಿ ಕಟ್ಟೆಯ ಮೇಲೆ ಬಿಸಿಲಿಗೆ ಕೂತಿದ್ದರು, ಒಬ್ಬರೇ. ಹೆದರಿಕೆಯ ಸುಳಿವೇ ಇರಲಿಲ್ಲ. ಗುರುತು ಹಿಡಿದು ನಕ್ಕರು.

"ಅವರು ಮನ್ಯಾಗಿಲ್ಲ. ನಿನ್ನ ಕಾರ್ ತಗೊಂಡು ಕೊಯಮತ್ತೂರಿಗೆ ಹೋಗ್ಯಾರ. ನಾನ ಕಳಿಸೇನಿ."

ತಂಗಿ ಒಳಗಿನಿಂದ ನನಗೆ ಸುಮ್ಮನಿರೆಂದು ಸನ್ನೆ ಮಾಡಿದರು. ನಾನು "ಹೌದ್ರಿ ಚಾಚಿ" ಅಂದೆ.

ಚಾಚಿ ಸರಿದು ಜಾಗ ಮಾಡಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಆಮೇಲೆ ಕೇಳಿದರು: "ಮತ್ತ ನೀ ಯಾಕ ಹೋಗ್ಲಿಲ್ಲ?"

ಮೂರೂವರೆಯ ಬಸ್ಸು ತಪ್ಪಿದರೆ ಮುಂದಿನದು ತಡ, ಆರರೊಳಗೆ ಅಪ್ಪನ ಹತ್ತಿರ ಇರಬೇಕು. ನಾನು ಎದ್ದೆ.